ಬಟ್ಟೆ ಎಲ್ಲಿ ಹಾಕೋದು

ಶೆಟ್ಟಿಹಳ್ಳಿಗೆ ಆಗಷ್ಟೇ ಒಳಚರಂಡಿ ಬಂದಿತ್ತು. ಪೈಪು ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಪ್ರತಿ ಸಲವೂ ನಮ್ಮ ಒಳಚರಂಡಿ ಕಚೇರಿಯ ಕೆಲಸದವನೊಬ್ಬ ಮ್ಯಾನ್‌ಹೋಲಿಗೆ ಇಳಿದು, ಬಟ್ಟೆಯ ಉಂಡೆಗಳನ್ನು ಕೈಯಲ್ಲೇ ಎಳೆದು ತೆಗೆಯಬೇಕಿತ್ತು. ಒಮ್ಮೆ ಒಳಗೆ ಉಸಿರುಗಟ್ಟಿದವನೊಬ್ಬನನ್ನು ಹಗ್ಗ ಹಾಕಿ ಮೇಲೆಳೆದೆವು. ಆಮೇಲೆ, ಕಕ್ಕಸಿಗೆ ಬಟ್ಟೆ ಹಾಕಬೇಡಿ ಎಂದು ಮನೆ ಮನೆಗೆ ಹೋಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಮನೆಯ ಜಗಲಿಯಲ್ಲಿ ನಿಂತು ಇದನ್ನೇ ಸಿಟ್ಟಿನಿಂದ ಹೇಳಿದೆ. ಯಜಮಾನರು ತಲೆಯಾಡಿಸಿದರು. ಬಾಗಿಲ ಮರೆಯಿಂದ ಅವರ ಸೊಸೆ ಕೇಳಿದರು: "ಮತ್ತೆಲ್ಲಿ ಹಾಕೋದು ಸಾರ್?"

"ಬೀದಿ ಕಸದ ತೊಟ್ಟಿಗೆ ಹಾಕಿ ತಾಯಿ."

"ಅಲ್ಲಿಂದ ನಾಯಿ ಎಳ್ಕೊಂಡ್ಬಂದು ಬಾಗ್ಲಲ್ಲಿ ಹಾಕುತ್ತೆ. ನಮ್ ತವರು ಗುಬ್ಬೀಲಾದ್ರೆ ಹಿತ್ಲಿತ್ತು, ಹೂತಾಕ್ತಿದ್ವಿ. ಇಲ್ಲಿ ಮನೆ ಸುತ್ತ ಬರೀ ಸಿಮೆಂಟು."

ಯಜಮಾನರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಆಕೆ ಹೇಳುತ್ತಿರುವುದು ಮುಟ್ಟಿನ ಬಟ್ಟೆಯ ಮಾತೆಂದು ನನಗೆ ಆಗ ಹೊಳೆಯಿತು. ಚಪ್ಪಲಿ ಮೆಟ್ಟಿ ಇಳಿದುಬಂದೆ.

ಸಂಜೆ ನನ್ನ ಹೆಂಡತಿಯನ್ನು ಕೇಳಿದೆ: "ಆ ಬಟ್ಟೇನ ನೀನು ಎಲ್ಲಿ ಹಾಕ್ತೀಯ?"

ಅವಳು ಅಕ್ಕಿ ಆರಿಸುತ್ತಿದ್ದ ಮೊರದಿಂದ ಮುಖ ಎತ್ತಲಿಲ್ಲ. "ಎಲ್ಲಿ ಹಾಕ್ಬಾರ್ದು ಅಂತ ಊರಿಗೆಲ್ಲ ಹೇಳ್ಕೊಂಡ್ ಬಂದೋರು ನೀವು. ಎಲ್ಲಿ ಹಾಕ್ಬೇಕು ಅಂತಾನೂ ನೀವೇ ಹೇಳಿ."