ಹಾಲ್ಡೇನರ ಹೆಸರಿನ ಚೀಟಿ

ಲೋರ್ನಾ ವೀನ್‌ಸ್ಟ್ರಾ ಮೂವತ್ತೊಂದು ವರ್ಷ ಪ್ರೊಫೆಸರ್ ಹಾಲ್ಡೇನರ ಕೈಬರಹವನ್ನು ಟೈಪ್ ಮಾಡಿದಳು. ಹಿಂದಿನವರು ಬಿಟ್ಟುಹೋದದ್ದನ್ನು ಅವಸರದಲ್ಲಿ ಬದಲಿಸಬಾರದು ಎಂದು ಜೀವನವಿಡೀ ಬರೆದವರು ಅವರು. ವರ್ಷಕ್ಕೊಮ್ಮೆ ಶಿಷ್ಯರೆಲ್ಲ ಮಿಶಿಗನ್ನಿನ ನಮ್ಮ ಊರಿನ ಅವರ ಮನೆಗೆ ಊಟಕ್ಕೆ ಬರುತ್ತಿದ್ದರು. ಅಲ್ಲಿ ಪ್ರೊಫೆಸರರದು ಒಂದೇ ಕಟ್ಟಳೆ: ಎಲ್ಲರಿಗೂ ಒಂದೇ ಮೇಜು, ಜಗಳವಾಡುವವರು ಪಕ್ಕಪಕ್ಕದಲ್ಲಿ. ಯಾರ ಪಕ್ಕ ಯಾರು ಎಂದು ಲೋರ್ನಾ ಹೆಸರಿನ ಚೀಟಿ ಬರೆದಿಡುತ್ತಿದ್ದಳು. ತಾನು ಮಾತ್ರ ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದಳು.

ಮಾರ್ಚಿನಲ್ಲಿ ಅವರು ತೀರಿಕೊಂಡರು. ಲೋರ್ನಾ ಅಳಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ನೆನಪಿನ ಊಟ. ಲೋರ್ನಾ, ಅವಳ ಹಳೇ ಗೆಳತಿ ನಾನು, ಇಬ್ಬರೂ ಬನ್ನಿಗೆ ಬೆಣ್ಣೆ ಸವರಿ ಹ್ಯಾಮ್ ಮಾಂಸದ ಚೂರು ಇಡುತ್ತಿದ್ದೆವು.

"ಇವತ್ತೊಂದಿನ ಎಲ್ರೂ ಒಂದೇ ಮೇಜಿಗೆ ಕೂತ್ರೆ ಸಾಕು ಕಣೇ," ಅಂದಳು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಶಿಷ್ಯರೀಗ ಎರಡು ಪಾಳಯ. ವ್ಯಾಪಾರಕ್ಕೆ ಸರ್ಕಾರ ಕೈ ಹಾಕಬಾರದು ಅನ್ನುವ ಹಳಬರು. ಗಡಿ ಮುಚ್ಚಿ, ಸುಂಕ ಹಾಕಿ, ನಮ್ಮ ಕಾರ್ಖಾನೆ ಉಳಿಸಿ ಅನ್ನುವ ಹೊಸಬರು. ಚೀಟಿ ನೋಡಿ ಹಳಬರ ಪ್ರೂಯಿಟ್ ನಕ್ಕ.

"ಏನು ಲೋರ್ನಾ, ನನ್ನ ಈ ರಾಶ್ ಪಕ್ಕ ಕೂರಿಸಿದೀಯಾ? ನಾನು ಕುಡಿಯೋ ಕಾಫಿಗೂ ಸುಂಕ ಹಾಕ್ತಾನೆ!"

"ಮೊದ್ಲು ನಿಮ್ಮ ಪ್ಯಾಂಟಿಗೆ ಹಾಕ್ತೀನಿ ಸಾರ್," ಅಂದ ಹೊಸಬರ ರಾಶ್. "ಯಾವ ದೇಶದ್ದು ಅದು?"

ಒಂದಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

"ಪ್ರೊಫೆಸರ್ ಇದ್ದಿದ್ರೆ ನಿನ್ನ ಒಳಗೇ ಬಿಡ್ತಿರ್ಲಿಲ್ಲ," ಅಂದ ಪ್ರೂಯಿಟ್.

"ಕೊನೇ ವರ್ಷ ಅವರನ್ನ ನೋಡೋಕೆ ಬಂದೋರು ನಾವು. ನೀವೆಲ್ಲಿದ್ರಿ?"

ತಮ್ಮ ತಮ್ಮ ಕಡೆಯವರ ಪಕ್ಕ ಕೂರಲು ಎಲ್ಲರೂ ಚೀಟಿ ಬದಲಿಸಿಕೊಂಡರು. ಒಂದಾಗಿ ಜೋಡಿಸಿದ್ದ ಎರಡು ಮೇಜುಗಳನ್ನು ಎಳೆದು ಬೇರೆ ಮಾಡಿದರು. ಮೇಲೆ ಹಾಸಿದ್ದ ಬಿಳಿ ಕಾಗದ ನಡುವೆ ಹರಿಯಿತು.

ಆಗ ಕಂಡಿತು, ಮೇಜಿನ ತುದಿಯಲ್ಲಿ ಇನ್ನೊಂದು ಚೀಟಿ. ರೂಢಿಯಂತೆ ಲೋರ್ನಾ ಹಾಲ್ಡೇನರ ಹೆಸರನ್ನೂ ಬರೆದುಬಿಟ್ಟಿದ್ದಳು. ಅದು ನಮಗಿರಲಿ ಎಂದು ಎರಡೂ ಕಡೆಯವರು ಕೈ ಚಾಚಿದರು.

"ಅವರ ಒಂದೊಂದು ಅಕ್ಷರ ಟೈಪ್ ಮಾಡಿದೋರು ನೀವು, ಮಿಸೆಸ್ ವೀನ್‌ಸ್ಟ್ರಾ," ಅಂದ ರಾಶ್. "ನೀವೇ ಹೇಳಿ, ಅವರು ಯಾರ ಕಡೆ?"

"ಊಟದ ಹೊತ್ತಲ್ಲಿ ಅವರು ಕೇಳ್ತಿದ್ದದ್ದು ಒಂದೇ, ಉಪ್ಪು ಈ ಕಡೆ ಕೊಡಿ ಅಂತ."

ಅವಳು ಚೀಟಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು. ಮೇಜುಗಳ ನಡುವಿನ ಖಾಲಿ ಜಾಗಕ್ಕೆ ಕುರ್ಚಿ ಎಳೆದು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆ ಊಟಕ್ಕೆ ಅವಳು ಕೂತದ್ದು ಅದೇ ಮೊದಲು. ಬನ್ನನ್ನು ಒಂದೇ ಸಮನೆ ಅಗಿದಳು. ರುಚಿ ಸಿಕ್ಕಂತೆ ಕಾಣಲಿಲ್ಲ.

ಸ್ವಲ್ಪ ಹೊತ್ತಿಗೆ ರಾಶ್ ಉಪ್ಪು ಹುಡುಕಿದ. ಅದು ಪ್ರೂಯಿಟ್ ಮೇಜಿನಲ್ಲಿ ಉಳಿದಿತ್ತು. ಇವನು ಕೇಳಲಿಲ್ಲ, ಅವನು ಕೊಡಲಿಲ್ಲ. ಲೋರ್ನಾ ಎದ್ದು, ಉಪ್ಪನ್ನು ಈ ಕಡೆ ತಂದಿಟ್ಟು, ಮತ್ತೆ ಬಂದು ನಡುವೆ ಕೂತಳು.