ಅಜ್ಜಿಯೇ ಅತ್ತೆಯಾದ ಮನೆಯ ಜೀನ್

1998. ದಾವಣಗೆರೆಯ ವಿದ್ಯಾನಗರದಲ್ಲಿ ನಾನು ಮಕ್ಕಳ ಡಾಕ್ಟರ್. ಹರಿಹರದ ಪಕ್ಕದ ಗುತ್ತೂರಿನಿಂದ ಗಿರಿಜಾ ತನ್ನ ಎಂಟು ತಿಂಗಳ ಮಗನನ್ನು ಕರೆತಂದಳು. ಕೂರುತ್ತಿದ್ದ ಮಗುವಿಗೆ ಈಗ ಕತ್ತೂ ನಿಲ್ಲುತ್ತಿರಲಿಲ್ಲ. ಮೊದಲ ಮಗು ಹೀಗೆಯೇ ಹೋಗಿತ್ತು. ಗಂಡ ಬಸವರಾಜ ಆಕೆಯ ಸೋದರಮಾವ. ಅತ್ತೆ ಗಂಗವ್ವ ಆಕೆಯ ತಾಯಿಯ ತಾಯಿ.

ಪರೀಕ್ಷೆಗಳಲ್ಲಿ ಮೈಟೋಕಾಂಡ್ರಿಯಾದ ದೋಷವೆಂಬ ಸುಳಿವು ಸಿಕ್ಕಿತು. ಜೀವಕೋಶದೊಳಗೆ ಶಕ್ತಿ ತಯಾರಿಸುವ ಒಲೆ ಅದು. 'ಮೈಟೋಕಾಂಡ್ರಿಯಾ ತಾಯಿಯಿಂದಲೇ ಬರುತ್ತದೆ' ಎಂದು ಗಂಡ, ಅತ್ತೆಯ ಎದುರೇ ಹೇಳಿಬಿಟ್ಟೆ. ಸುಳ್ಳಲ್ಲ, ಅರ್ಧ ಸತ್ಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಿರಿಜಾಳನ್ನು ಮಗುವಿನ ಸಮೇತ ಆವರಗೆರೆಯ ತವರಿಗೆ ಅಟ್ಟಿದರು. ಮಗು ಅಲ್ಲೇ ತೀರಿಕೊಂಡಿತು. ಮಣ್ಣಿಗೆ ಬಂದ ಬಸವರಾಜ ಅದು ಮುಗಿದಿದ್ದೇ ಊರಿಗೆ ಹೊರಟುಹೋದನಂತೆ. ನನ್ನ ನಾಲಿಗೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ವಿದೇಶದ ಲ್ಯಾಬಿಗೆ ಮೊದಲೇ ಕಳಿಸಿದ್ದ ಮಗುವಿನ ಸ್ಯಾಂಪಲ್‌ನ ವರದಿ ಮರುವರ್ಷ ಬಂತು. ಆ ಒಲೆಯ ಮೊದಲ ಕಿಣ್ವ ಕಾಂಪ್ಲೆಕ್ಸ್ ಒನ್. ಅದಕ್ಕೆ ನಲವತ್ತಕ್ಕೂ ಹೆಚ್ಚು ಬಿಡಿಭಾಗ. ಮಗುವಿನಲ್ಲಿ ಕೆಟ್ಟದ್ದು ಒಂದೇ ಭಾಗದ ಜೀನ್, ಎನ್‌ಡಿಯುಎಫ್‌ಎಸ್4. ಅದು ಮೈಟೋಕಾಂಡ್ರಿಯಾದಲ್ಲಿಲ್ಲ, ಕ್ರೋಮೋಸೋಮಿನಲ್ಲಿದೆ. ಅಪ್ಪನಿಂದೊಂದು, ಅಮ್ಮನಿಂದೊಂದು ಕೆಟ್ಟ ಪ್ರತಿ ಸೇರಿದರಷ್ಟೇ ಈ ಕಾಯಿಲೆ.

ಅಂದೇ ಸ್ಕೂಟರ್ ಹತ್ತಿ ಗುತ್ತೂರಿಗೆ ಹೋದೆ. ಪಡಸಾಲೆಯಲ್ಲಿ ಎಲೆ ಅಡಿಕೆ ತಟ್ಟೆ ಇಟ್ಟಿದ್ದರು.

"ಬರ್ರಿ ಡಾಕ್ಟ್ರೇ, ಕೂಡ್ರಿ," ಎಂದಳು ಗಂಗವ್ವ. "ಆಕಿ ರಕ್ತನೇ ಸರಿ ಇಲ್ಲ ಅಂತ ನೀವೇ ಹೇಳಿದ್ರಲ್ಲ. ಮಗನಿಗೆ ಇನ್ನೊಂದು ಮದುವಿ ಮಾಡ್ತಿದೀವಿ."

"ಹುಡುಗಿ ಯಾರು?"

"ಹೊರಗಿನೋರು ಯಾಕ್ರಿ? ಗಿರಿಜಾನ ತಂಗಿನೇ ಐತಲ್ಲ."

ಮೈಯೆಲ್ಲ ಉರಿದುಹೋಯಿತು.

"ಆಕಿ ರಕ್ತ ಯಾರದವ್ವಾ? ನಿನ್ನ ಮಗಳ ಹೊಟ್ಟೇಲಿ ಹುಟ್ಟಿದೋಳಲ್ವಾ? ನಿನ್ನಿಂದಲೋ ನಿನ್ನ ಗಂಡನಿಂದಲೋ ಈ ಕೆಟ್ಟ ಜೀನ್ ಮಗಳಿಗೂ ಬಂದೈತೆ, ಮಗನಿಗೂ ಬಂದೈತೆ. ತಂಗೀಲೂ ಇರಬಹುದು. ಇನ್ನೆಷ್ಟು ಮಕ್ಕಳನ್ನ ಮಣ್ಣು ಮಾಡ್ತೀರಿ?"

ಗಂಗವ್ವ ಸೆರಗು ಬಾಯಿಗೊತ್ತಿಕೊಂಡಳು. ಪಕ್ಕದಲ್ಲಿದ್ದ ಬಸವರಾಜ ಮೆಲ್ಲಗೆ ಕೇಳಿದ: "ಹಂಗಾದ್ರೆ ನಂದೂ ತಪ್ಪೈತೇನ್ರಿ?"

"ಜೀನಿಂದು ಯಾರ ತಪ್ಪೂ ಅಲ್ಲ. ಆಕಿನ್ನ ಅಟ್ಟಿದ್ದು ನಿನ್ನ ತಪ್ಪು. ಬಾಯಿಗೆ ಬಂದಂಗೆ ಹೇಳಿದ್ದು ನಂದು."

ಎಲೆ ಅಡಿಕೆ ಶಾಸ್ತ್ರ ಅಲ್ಲಿಗೇ ನಿಂತಿತು. ಮರುದಿನ ಅವನನ್ನೇ ಆವರಗೆರೆಗೆ ಕರೆದುಕೊಂಡು ಹೋದೆ. ಗಿರಿಜಾ ಬಾಗಿಲಲ್ಲೇ ನಿಂತು ವರದಿಯ ಮಾತೆಲ್ಲ ಕೇಳಿಸಿಕೊಂಡಳು. ಗಂಡನ ಕಡೆ ನೋಡಲೂ ಇಲ್ಲ.

"ನಂದೇ ತಪ್ಪು ಅನ್ನಾಕೆ ನಿಮ್ದೊಂದು ಮಾತು ಸಾಕಾತು. ಅಲ್ಲ ಅನ್ನಾಕೆ ಫಾರಿನ್ನಿಂದ ಕಾಗದ ಬರಬೇಕಾತು. ನಾ ಬರಂಗಿಲ್ರಿ."

ಅವಳು ಗುತ್ತೂರಿಗೆ ಮರಳಲೇ ಇಲ್ಲ. ಅಂದಿನಿಂದ ಯಾರಾದರೂ 'ಇದು ಯಾರ ಕಡೆಯಿಂದ ಬಂತು ಡಾಕ್ಟ್ರೇ' ಎಂದು ಕೇಳಿದರೆ, ಪೂರ್ತಿ ಗೊತ್ತಾಗುವವರೆಗೆ ನಾನು ಬಾಯಿ ಬಿಟ್ಟಿಲ್ಲ.