ಅಣ್ಣನ ಜೀಪಿನ ಮೂಗು ಎತ್ತರಿಸಿದ್ದು

ಅಣ್ಣನ ಜೀಪಿನ ಇಂಜಿನ್ ಹಾಳಾದದ್ದು ನನ್ನಿಂದ. ಈಗ ಸಲೀಸಾಗಿ ಬರೆದುಬಿಟ್ಟೆ. ಆಗ ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ಎರಡು ವಾರಕ್ಕಿಂತ ಹೆಚ್ಚೇ ಹಿಡಿಯಿತು.

ನಾನು ಚಿಕ್ಕಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನನಗಿಂತ ಎಂಟು ವರ್ಷಕ್ಕೆ ದೊಡ್ಡವನಾದ ಅಣ್ಣ, ದಿಬ್ಬೂರಹಳ್ಳಿಯಿಂದ ಒಂದಷ್ಟು ಒಳಗಿರುವ ನಮ್ಮೂರಿನಲ್ಲಿ ಜಮೀನು ನೋಡಿಕೊಂಡು ರೇಷ್ಮೆ ಹುಳು ಸಾಕುತ್ತಾನೆ. ಅವನ ಬಳಿ ಹಳೆಯ ಡೀಸೆಲ್ ಜೀಪೊಂದಿದೆ. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಬಲ ಹೋಗುವಂಥದ್ದು, ಹಿಂದುಗಡೆ ಸರಕು ತುಂಬಲು ತೊಟ್ಟಿಯಿರುವಂಥದ್ದು. ಹಿಪ್ಪುನೇರಳೆ ಸೊಪ್ಪು, ಗೊಬ್ಬರ, ಮಾರುಕಟ್ಟೆಗೆ ಹೋಗುವ ಗೂಡು ಎಲ್ಲವೂ ಅದರಲ್ಲೇ. ಅದನ್ನು ಅವನು ಯಾರ ಕೈಗೂ ಕೊಡುವವನಲ್ಲ. ಎಲ್ಲಾದರೂ ಮುಳ್ಳು ಗೀಚಿದರೆ ಬೆರಳಿಗೆ ಎಣ್ಣೆ ಮುಟ್ಟಿಸಿಕೊಂಡು ಆ ಗೆರೆಯನ್ನು ಉಜ್ಜುತ್ತಾ ಕೂರುತ್ತಾನೆ.

ಆ ವರ್ಷ ಮಳೆ ಬಿಡಲೇ ಇಲ್ಲ. ನಾನು ಹುಡುಗನಾಗಿದ್ದಾಗ ಬತ್ತಿ ಹೋಗಿ, ನಾವು ಒಳಗೆ ಕ್ರಿಕೆಟ್ ಆಡುತ್ತಿದ್ದ ನಮ್ಮೂರ ಕೆರೆ ತುಂಬಿ ಕೋಡಿ ಹರಿಯಿತು. ಜನ ಹೂವು, ಅರಿಶಿನ, ಕುಂಕುಮ ತಂದು ಪೂಜೆ ಮಾಡಿದರು. ಸಂತೋಷ ನಾಲ್ಕು ದಿನ. ಕೋಡಿಯ ನೀರು ನಮ್ಮೂರಿಂದ ಹೊರಗೆ ಹೋಗುವ ಒಂದೇ ರಸ್ತೆಯ ಮೇಲೆ ಹಾದು ಹೋಗುತ್ತದೆನ್ನುವುದು ಆಮೇಲೆ ಎಲ್ಲರಿಗೂ ಅರ್ಥವಾಯಿತು.

ಅದೇ ವಾರ ಅಣ್ಣನಿಗೆ ಜ್ವರ. ಮನೆಯಲ್ಲಿ ಗೂಡು ಬಿಡಿಸಿ ಚೀಲ ತುಂಬಿಟ್ಟಾಗಿತ್ತು. ಗೂಡು ಕಾಯುವುದಿಲ್ಲ; ತಡಮಾಡಿದರೆ ಒಳಗಿನ ಹುಳು ಚಿಟ್ಟೆಯಾಗಿ ನೂಲನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ನಾನು ರಜೆ ಹಾಕಿ ಹೋಗಿ, "ಶಿಡ್ಲಘಟ್ಟದ ಮಾರ್ಕೆಟ್ಟಿಗೆ ನಾನು ತಗೊಂಡೋಗ್ತೀನಿ, ನೀನು ಮಲಗು" ಅಂದೆ. ಅಣ್ಣ ನನ್ನ ಮುಖ ನೋಡಿ ಕೀಲಿ ಕೊಟ್ಟ.

"ನೀರಲ್ಲಿ ನಿಧಾನಕ್ಕೆ ಹೋಗಪ್ಪ. ಜೋರಾಗಿ ನುಗ್ಗಿಸ್ಬೇಡ."

ನಾನು ನುಗ್ಗಿಸಿದೆ. ಕೋಡಿ ನೀರು ದಾಟುವಾಗ ಅರ್ಧ ದಾರಿಯಲ್ಲಿ ಚಕ್ರ ಹೂತುಕೊಂಡೀತೆಂಬ ಭಯಕ್ಕೆ ಆಕ್ಸಿಲರೇಟರ್ ಒತ್ತಿದೆ. ಮುಂದಿನ ನೀರು ಅಲೆಯಾಗಿ ಎದ್ದು ಬಾನೆಟ್ಟಿನ ಮೇಲೆ ಹತ್ತಿತು. ಇಂಜಿನ್ ಬಿಕ್ಕಿ ನಿಂತಿತು. ಅಲ್ಲಿಗೇ ಕೀಲಿಯಿಂದ ಕೈ ತೆಗೆದಿದ್ದರೆ ಆಗುತ್ತಿತ್ತು. ಎರಡೂ ಕಡೆ ಕೆಂಪು ನೀರು ಹರಿಯುತ್ತಿದೆ, ಹಿಂದೆ ಅಣ್ಣನ ಬೆಳೆ ಇದೆ. ನನಗೆ ಬುದ್ಧಿ ಓಡಲಿಲ್ಲ. ಸ್ಟಾರ್ಟ್ ಮಾಡಲು ಕೀಲಿ ತಿರುಗಿಸಿ ಸೆಲ್ಫ್ ಹೊಡೆದೆ. ಮತ್ತೆ ಹೊಡೆದೆ. ಮೂರನೆಯ ಸಲ ಇಂಜಿನ್ ಒಂದು ಕ್ಷಣ ಹತ್ತಿ, ಒಳಗೆಲ್ಲೋ ಕಬ್ಬಿಣ ಮುರಿದಂಥ ಸದ್ದು ಮಾಡಿ ಸುಮ್ಮನಾಯಿತು.

ಪಕ್ಕದ ತೋಟದವರು ಟ್ರಾಕ್ಟರಿನಲ್ಲಿ ಎಳೆದು ದಡ ಸೇರಿಸಿದರು. ಗೂಡು ಆ ಟ್ರಾಕ್ಟರಿನಲ್ಲೇ ಶಿಡ್ಲಘಟ್ಟಕ್ಕೆ ಹೋಯಿತು. ಅಣ್ಣ ಕಂಬಳಿ ಹೊದ್ದು ಕೆರೆ ಏರಿಯ ಮೇಲೆ ಬಂದು ನಿಂತಿದ್ದ. "ನೀನು ಪೂರ್ತಿ ನೆಂದಿದ್ದೀಯ, ಮನೆಗೆ ನಡಿ" ಎಂದ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಣ್ಣನ ಜ್ವರ ಇಳಿದ ಮೇಲೆ ಜೀಪನ್ನು ಚಿಂತಾಮಣಿಗೆ ಕಟ್ಟಿ ಎಳೆಸಿದೆವು. ಅಲ್ಲಿನ ಮೆಕ್ಯಾನಿಕ್ ಮುರುಗಮಲ್ಲದವರು. ಅರವತ್ತರ ಆಸುಪಾಸಿನ ಅವರನ್ನು ಅಣ್ಣ 'ಭಾಯ್' ಅನ್ನುತ್ತಾನೆ. ಅವರ ಕೈ ಬಿಟ್ಟು ಬೇರೆ ಕೈ ಈ ಜೀಪನ್ನು ಮುಟ್ಟಿಲ್ಲ. ಇಂಜಿನ್ ಬಿಚ್ಚಿ, ಪಿಸ್ಟನ್ನಿಗೆ ಹೊಂದಿಕೊಂಡ ಕನೆಕ್ಟಿಂಗ್ ರಾಡ್ ತೆಗೆದು ನಮ್ಮ ಮುಂದೆ ಹಿಡಿದರು. ಸೊಟ್ಟಗಾಗಿತ್ತು.

"ಇಂಜಿನ್ ಗಾಳಿ ಎಳ್ಕೊಳ್ಳೋ ಕಡೆಯಿಂದ ನೀರು ಕುಡ್ದಿದೆ. ಗಾಳಿನಾದ್ರೆ ಪಿಸ್ಟನ್ ಒತ್ತುತ್ತೆ, ನೀರು ಒತ್ತಕ್ಕಾಗಲ್ಲ" ಎಂದು ಹೇಳಿ ನನ್ನ ಕಡೆ ತಿರುಗಿದರು. "ಗಾಡಿ ನಿಂತ್ಮೇಲೆ ಸೆಲ್ಫ್ ಹೊಡದ್ರಾ ಮೇಷ್ಟ್ರೆ?"

ದ್ರವವನ್ನು ಕುಗ್ಗಿಸಲಾಗದು ಎಂದು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುತ್ತೇನೆ. ಅಣ್ಣ ಪಕ್ಕದಲ್ಲಿದ್ದ.

"ಇಲ್ಲ. ನಿಂತಿದ್ದೇ ಇಳಿದುಬಿಟ್ಟೆ" ಅಂದೆ.

ಅವರು ರಾಡನ್ನು ಇನ್ನೊಮ್ಮೆ ತಿರುಗಿಸಿ ನೋಡಿ ಬೆಂಚಿನ ಮೇಲಿಟ್ಟರು. ಅಣ್ಣ ಮಾತ್ರ ನನ್ನ ಮಾತನ್ನು ಹಾಗೇ ನಂಬಿದ. "ಹಂಗಾದ್ರೆ ಇವನದೇನೂ ತಪ್ಪಿಲ್ಲ ಭಾಯ್. ಗಾಳಿ ಎಳ್ಕೊಳ್ಳೋ ಬಾಯೇ ತಗ್ಗಲ್ಲಿದೆ. ಅದಕ್ಕೇನಾರ ಮಾಡಣ."

ಉಪಾಯವಿತ್ತು. ಗಾಳಿಯ ಬಾಯಿ ಹೆಡ್‌ಲೈಟಿನ ಹಿಂದೆ, ಚಕ್ರದ ಮಟ್ಟಕ್ಕೆ ಇತ್ತು. ಅದನ್ನು ಮುಚ್ಚಿ, ಏರ್ ಫಿಲ್ಟರ್ ಡಬ್ಬಿಯಿಂದ ದಪ್ಪ ಪೈಪು ಹೊರಡಿಸಿ, ಮುಂಗಾಜಿನ ಪಕ್ಕದಲ್ಲಿ ಜೀಪಿನ ಟಾಪಿನವರೆಗೆ ಏರಿಸುವುದು. ಕಾಡು ಮೇಡು ಸುತ್ತುವ ಗಾಡಿಗಳವರು ಅದನ್ನು ಸ್ನಾರ್ಕೆಲ್ ಅನ್ನುತ್ತಾರೆ. ತೊಂದರೆ ಒಂದೇ: ಪೈಪು ಹೊರಗೆ ಬರಲು ಮಡ್‌ಗಾರ್ಡಿನಲ್ಲಿ ಅಂಗೈಯಗಲದ ತೂತು ಕೊರೆಯಬೇಕು. ಅಣ್ಣ ಎರಡು ದಿನ ಯೋಚನೆ ಮಾಡಿ ಹೂಂ ಅಂದ.

ಇಂಜಿನ್ ರಿಪೇರಿಗೆ ಎರಡು ವಾರವಾಯಿತು. ತೂತು ಕೊರೆಯುವ ದಿನ ಭಾನುವಾರ, ಇಬ್ಬರೂ ಹೋದೆವು. ಭಾಯ್ ರಟ್ಟನ್ನು ಗುಂಡಗೆ ಕತ್ತರಿಸಿ ಮಡ್‌ಗಾರ್ಡಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗುರುತು ಮಾಡಿದರು. ಅಣ್ಣ ಬಗ್ಗಿ ಆ ಗುರುತಿನ ಸುತ್ತ ಕೈಯಾಡಿಸಿದ. ಡ್ರಿಲ್ಲಿಂಗ್ ಮೆಷಿನ್ ಶುರುವಾದಾಗ ನೋಡಲಾರದೆ ಮುಖ ತಿರುಗಿಸಿಕೊಂಡ.

ನನಗೆ ತಡೆಯಲಾಗಲಿಲ್ಲ. "ಭಾಯ್, ನಿಲ್ಸಿ. ಅಣ್ಣ, ನಾನು ಸುಳ್ಳು ಹೇಳಿದ್ದೆ. ನಿಂತ್ಮೇಲೆ ಸೆಲ್ಫ್ ಹೊಡೆದೆ. ಜೀಪಿನ ತಪ್ಪಲ್ಲ."

ಮೆಷಿನ್ ನಿಂತಿತು. ಅಣ್ಣ ಅಂಗಡಿಯಿಂದ ಇಳಿದು ರಸ್ತೆಯ ಆಚೆಗೆ ಹೋದ. ಭಾಯ್ ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ ಅಂದರು: "ನಂಗವತ್ತೇ ಗೊತ್ತಾಯ್ತು ಮೇಷ್ಟ್ರೆ, ರಾಡ್ ನೋಡಿದ ತಕ್ಷಣ. ಅಣ್ಣ ತಮ್ಮಂದ್ರ ಮಧ್ಯೆ ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಾದೆ."

ಅಣ್ಣ ವಾಪಸು ಬಂದಾಗ ಅವನ ಕೈಯಲ್ಲಿ ಮೂರು ಲೋಟ ಟೀ ಇತ್ತು. ಭಾಯ್‌ಗೆ ಒಂದು ಕೊಟ್ಟು, ನನಗೊಂದು ಕೊಟ್ಟು, ತನ್ನದನ್ನು ಕುಡಿದು ಮುಗಿಸಿದ.

"ಎಷ್ಟು ಸಲ ಹೊಡ್ದೆ?"

"ಮೂರು ಸಲ."

"ಅಷ್ಟೊಂದು ಹೆದರ್ಕೊಂಡಿದ್ಯಾ?"

ಈ ಪ್ರಶ್ನೆಯನ್ನು ನಾನು ಎಣಿಸಿರಲಿಲ್ಲ. ಹೂಂ ಎಂದು ತಲೆಯಾಡಿಸಿದೆ. ಅವನು ಖಾಲಿ ಲೋಟವನ್ನು ಬೆಂಚಿನ ಮೇಲಿಟ್ಟ. "ಕೊರೀರಿ ಭಾಯ್. ಹೆದರ್ಕೆ ಆದಾಗ ನಾನೂ ಅದನ್ನೇ ಮಾಡ್ತೀನೋ ಏನೋ, ಯಾರಿಗೆ ಗೊತ್ತು."

ಪೈಪು ಕೂತಿತು. ಪ್ರತಿ ಜೋಡಣೆಗೂ ರಬ್ಬರ್ ಹೋಸ್ ಹಾಕಿ ಕ್ಲಾಂಪ್ ಬಿಗಿದರು. ಆಮೇಲೆ ಇಂಜಿನ್ ಚಾಲೂ ಮಾಡಿ, ಸ್ಟೂಲು ಹತ್ತಿ, ಮೇಲಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದರು. ಗಾಳಿ ಸಿಗದೆ ಇಂಜಿನ್ ನಿಲ್ಲಬೇಕಿತ್ತು, ನಿಲ್ಲಲಿಲ್ಲ. "ಎಲ್ಲೋ ಕಳ್ಳದಾರಿ ಇದೆ. ಅಲ್ಲಿಂದ ಗಾಳಿ ಬಂದ್ರೆ ನೀರೂ ಬರುತ್ತೆ" ಎಂದು ಕೆಳಗಿಳಿದರು. ಅಂಗಡಿಯ ಗೋಡೆಯಲ್ಲಿ ಉರಿಯುತ್ತಿದ್ದ ಊದುಬತ್ತಿ ತಂದು ಅಣ್ಣನ ಕೈಗೆ ಕೊಟ್ಟು, ಒಂದೊಂದೇ ಜೋಡಣೆಯ ಹತ್ತಿರ ಹಿಡಿಯಲು ಹೇಳಿದರು. ಹೊಗೆ ಎಲ್ಲ ಕಡೆಯೂ ಸುಮ್ಮನೆ ಮೇಲಕ್ಕೇರಿತು. ಫಿಲ್ಟರ್ ಡಬ್ಬಿಯ ತಳಕ್ಕೆ ಹಿಡಿದಾಗ ಮಾತ್ರ ದಾರದಂತೆ ಎಳೆದುಕೊಂಡು ಒಳಗೆ ಹೋಯಿತು. ಧೂಳು ಉದುರಲೆಂದು ಅಲ್ಲೊಂದು ಸಣ್ಣ ತೂತಿತ್ತು. ಅದರ ರಬ್ಬರ್ ಮುಚ್ಚಳ ಹರಿದಿತ್ತು. ಹೊಸದು ಹಾಕಿ ಮತ್ತೆ ಅಂಗೈ ಇಟ್ಟರು. ಇಂಜಿನ್ ಎರಡು ಸಲ ಏದುಸಿರು ಬಿಟ್ಟು ನಿಂತಿತು. ಮೂವರೂ ನಕ್ಕೆವು.

"ಉಸಿರಿಗೆ ಮಾತ್ರ ದಾರಿ ಮಾಡಿದ್ದೀನಿ. ಸೆಳವಿಗೆ ಇಳಿಸ್ಬೇಡಿ, ಗಾಡಿನೇ ತೇಲ್ಕೊಂಡೋಗುತ್ತೆ" ಎಂದು ಭಾಯ್ ಎಚ್ಚರಿಸಿ ಕಳಿಸಿದರು.

ಮುಂದಿನ ಮಳೆಗಾಲದಲ್ಲೂ ಕೋಡಿ ಹರಿಯಿತು. ಗೂಡು ಸಾಗಿಸುವ ದಿನಕ್ಕೆ ಅಣ್ಣ ನನ್ನನ್ನೂ ಕರೆಸಿಕೊಂಡಿದ್ದ. ನೀರಿನ ಅಂಚಿನಲ್ಲಿ ಜೀಪು ನಿಲ್ಲಿಸಿ, ಪಂಚೆ ಎತ್ತಿ ಕಟ್ಟಿ, ಕೋಲು ಊರುತ್ತಾ ಆ ದಡದವರೆಗೆ ನಡೆದು ಬಂದ. ನೀರು ಮೊಳಕಾಲಿನ ಮೇಲಕ್ಕೆ ಬರುತ್ತಿತ್ತು, ಸೆಳವಿರಲಿಲ್ಲ. ಬಂದವನು ಡ್ರೈವರ್ ಸೀಟಿನ ಕಡೆಗೆ ಹೋಗಲಿಲ್ಲ; ಸುತ್ತಿ ಬಂದು ನನ್ನ ಪಕ್ಕದ ಬಾಗಿಲು ತೆಗೆದ.

"ಆ ಕಡೆ ಜರುಗು. ನೀನೇ ಓಡಿಸು."

"ಬೇಡಣ್ಣ."

"ಓಡಿಸು ಕಣೋ. ನಾನಿದ್ದೀನಲ್ಲ."

ಮೊದಲನೇ ಗೇರಿನಲ್ಲಿ ಇಳಿಸಿದೆ. ಅಣ್ಣ ನನ್ನನ್ನು ನೋಡದೆ, ಎದುರಿನ ನೀರು ನೋಡುತ್ತಾ "ಹಂಗೇ... ಹಂಗೇ... ಕಾಲು ಎತ್ತಬೇಡ, ಒತ್ತಲೂಬೇಡ" ಎನ್ನುತ್ತಿದ್ದ. ಅರ್ಧ ದಾರಿಯಲ್ಲಿ ಒಂದು ಚಕ್ರ ಗುಂಡಿಗೆ ಇಳಿದು ನೀರು ಹೆಡ್‌ಲೈಟಿಗೆ ಬಡಿಯಿತು. ಇಂಜಿನ್ನಿನ ಸದ್ದು ಬದಲಾಗಲಿಲ್ಲ. ಆ ದಡ ಹತ್ತಿದ ಮೇಲೆ ನಾನು ಜೀಪು ನಿಲ್ಲಿಸಿದೆ.

ಅಣ್ಣ ಹಿಂದೆ ತಿರುಗಿ ಊರಿನ ಕಡೆ ನೋಡಿ, "ಪಕ್ಕದ ತೋಟದೋರದೂ ಗೂಡು ಆಗಿದೆಯಂತೆ, ಟ್ರಾಕ್ಟರ್ ಕೆಟ್ಟಿದೆ" ಅಂದ. "ತೊಟ್ಟೀಲಿ ಇನ್ನೂ ಜಾಗ ಇದೆ, ವಾಪಸ್ ಹೋಗಿ ಅವ್ರದೂ ತುಂಬ್ಕೊಂಡು ಬರೋಣ. ಇನ್ನೊಂದ್ಸಲ ದಾಟ್ತೀಯಾ?"

ದಾಟುತ್ತೇನೆ ಎಂದು ಹೇಳಿ ಜೀಪು ತಿರುಗಿಸಿದೆ.